ಸರಳಿನ ತುದಿಯ ಸುಣ್ಣದ ಚುಕ್ಕೆ

ಮತ್ತೆ ಕೆಳಗೇ ಬಂತಲ್ಲ ಈ ಸುಣ್ಣದ ಚುಕ್ಕೆ, ಬೆಳಗ್ಗೆ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತ್ತು, ಈಗ ಕೈ ಬಿಟ್ಟರೆ ಸಾಕು, ತೂಗಾಡಿ ತೂಗಾಡಿ ಕೆಳಗೇ ಬಂದು ಕೂರುತ್ತದೆ — ಚೇತನಾ ಮೋಟಾರಿನ ಚೈನು ಕಳಚಿಟ್ಟು ಸರಳನ್ನು ಇನ್ನೊಮ್ಮೆ ತಿರುಗಿಸಿದಳು, ಸರಳಿಗೆ ಪೋಣಿಸಿದ ಇಡೀ ಕುರಿಮರಿ, ಹತ್ತು ಕೆಜಿ, ಮೈತುಂಬ ಮಸಾಲೆ ಮೆತ್ತಿಕೊಂಡು ಗತ್ತಿನಿಂದ ಒಂದು ಸುತ್ತು ಬಂತು, ಚುಕ್ಕೆ ಕೆಳಗೆ. ಬರಲಿ, ಅವಳಿಗೇನೂ ಗಾಬರಿಯಿಲ್ಲ, ಗಾಬರಿಯೆಲ್ಲ ಕೆಂಡ ಹರಡುತ್ತಾ ಓರೆಗಣ್ಣಲ್ಲಿ ನೋಡುತ್ತಿರುವ ಗಂಡ ಮಹಾಶಯ ಮಹದೇವ್‌ಗೆ, ಹೋದ ಪಿತೃಪಕ್ಷದಲ್ಲಿ ಇದೇ ಲಗ್ಗೆರೆಯ ಮನೆಯ ಟೆರೇಸಿನ ಮೇಲೆ, ತೂಕ ಗೀಕ ಯಾಕೇ, ಮೋಟಾರ್ ತಿರುಗ್ಸುತ್ತೆ ಬಿಡು ಅಂದಿದ್ದ ಇದೇ ಮಹದೇವ್, ಸರಳು ಭಾರದ ಕಡೆ ಧಡಕ್ ಧಡಕ್ ಎಂದು ಬಿದ್ದೂ ಬಿದ್ದೂ ಮೋಟಾರ್ ಸುಟ್ಟು, ಮಾಂಸ ಒಂದು ಮಗ್ಗುಲು ಇದ್ದಿಲು ಒಂದು ಮಗ್ಗುಲು ಹಸಿ, ನೆಂಟರು ಬರೀ ಮುದ್ದೆ ಸಾರು ಉಂಡು ಮುಸಿಮುಸಿ ನಗುತ್ತಾ ಹೋದರು, ಈ ಸಲ ನನಗೆ ಬಿಡಿ ಎಂದು ಎಲ್ಲರೆದುರು ಹೇಳಿದ್ದಾಳೆ, ಮಧ್ಯಾಹ್ನ ಒಂದಕ್ಕೆ ಅದೇ ನೆಂಟರು ಮತ್ತೆ ಬರುತ್ತಾರೆ.

ಹೇಳದೇ ಏನು, ಪೀಣ್ಯದ ಫ್ಯಾನ್ ವರ್ಕ್‌ಶಾಪಿನಲ್ಲಿ ಹತ್ತು ವರ್ಷ ಅಪ್ಪನ ಪಕ್ಕದಲ್ಲೇ ದುಡಿದವಳು, ಬ್ಯಾಲೆನ್ಸಿಂಗ್ ವೆಂಕಟಸ್ವಾಮಿಯ ಮಗಳು, ಅಪ್ಪ ಆಳೆತ್ತರದ ಫ್ಯಾನನ್ನು ಒಂದೇ ಬೆರಳಲ್ಲಿ ತಳ್ಳಿ ಕೈ ಕಟ್ಟಿ ನಿಲ್ಲುತ್ತಿದ್ದ, ನೀನು ಹುಡುಕ್ಬೇಡ ಮಗಳೇ, ಭಾರ ಎಲ್ಲಿದೆ ಅಂತ ಅದೇ ಬಂದು ಹೇಳುತ್ತೆ, ಗುರುತು ಹಾಕು, ಎದುರುಗಡೆ ತೂಕ ಕಟ್ಟು — ಅಪ್ಪ ಹೋಗಿ ಮೂರು ವರ್ಷ, ಗಂಡುಮಕ್ಕಳಿಲ್ಲ, ಸತ್ತವರಿಗೆಲ್ಲ ಎಲೆ ಹಾಕಿ ಎಡೆ ಇಡುವ ಈ ದಿನ ಅವನಿಗೊಂದು ಎಲೆಯಿಲ್ಲ, ಅಳಿಯನ ಮನೆಯಲ್ಲಿ ಮಾವನಿಗೆ ಎಡೆ ಇಡುವ ಪದ್ಧತಿಯಿಲ್ಲ, ಇವಳು ಬಾಯಿ ಬಿಟ್ಟು ಕೇಳಲಿಲ್ಲ, ಒಳಗೊಳಗೇ ನೊಂದಳು ಅಷ್ಟೆ. ಅರೆ, ಚುಕ್ಕೆಯ ಎದುರು ಬದಿಯ ಹಿಂದೊಡೆಯಲ್ಲಿ ಇದೇನು, ಹೊಸ ಕೊಯ್ತ, ಅಂಗೈಯಗಲ, ಅತ್ತೇ, ಇಲ್ಲಿ ಕೊಯ್ದಿದ್ಯಾರು, ನರಸಮ್ಮ ಮೆಟ್ಟಿಲ ಮೇಲೆ ಎಲೆಅಡಿಕೆ ಜಗಿಯುತ್ತಾ, ಈ ಚುಕ್ಕೆಯ ಸುಣ್ಣ ಕೊಟ್ಟವರೂ ಅವರೇ, ನಾನೇ ಕಣಮ್ಮ, ನೀನು ಸ್ನಾನಕ್ಕೆ ಹೋದಾಗ ಒಂದು ತುಂಡು ತಗೊಂಡೆ, ಎಡೆಗೆ, ಬೇರೆ ಪಾತ್ರೇಲಿ ಬೇಯಿಸ್ಬೇಕಲ್ಲ, ಎಡೆಗಿಂತ ಮುಂಚೆ ಯಾರೂ ರುಚಿ ನೋಡ್ಬಾರ್ದಲ್ಲ. ಎಡೆಗೆ ಅಂತ ಬೇರೆ ಮಾಂಸ ತಂದಿದ್ವಲ್ಲ ಅತ್ತೆ, ಹೇಳದೆ ಕೇಳದೆ ಕೊಯ್ದ್ರೆ ನನ್ನ ತೂಕ ಎಲ್ಲಾ — ಅದು ನಮ್ಮೋರಿಗಾಯ್ತು, ಇದು ನಿಮ್ಮಪ್ಪಂಗೆ, ಒಂದು ಎಲೆ ಜಾಸ್ತಿ ಹಾಕಿದೀನಿ, ವಿದ್ಯೆ ಅವ್ರದು, ಅವ್ರನ್ನ ಬಿಟ್ಟು ನಾವು ತಿನ್ನೋಕಾಗುತ್ತಾ.

ಸಿಟ್ಟು ಎಲ್ಲಿ ಹೋಯಿತೋ, ಇಷ್ಟು ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ ಬೋಲ್ಟು ಬಿಗಿಮಾಡಿದ್ದ ಸ್ಪ್ಯಾನರನ್ನೇ ನೋಡಿದಳು, ಅಪ್ಪನ ಸ್ಪ್ಯಾನರು, ಕೈಯಲ್ಲಿ ತೂಗಿದಳು, ಕಾಲು ಕೆಜಿ, ಆ ತುಂಡಿನಷ್ಟೇ, ಸಾಕು, ಚುಕ್ಕೆಗೆ ನೇರ ಎದುರಿಗೆ ತಂತಿ ಬಿಗಿದು ಕಟ್ಟಿದಳು, ಸ್ವಿಚ್ ಹಾಕ್ಲೇನೇ, ಮಹದೇವನಿಗೆ ಅವಸರ, ತಾಳಿ ಸ್ವಲ್ಪ, ಒಂದೇ ಬೆರಳಲ್ಲಿ ತಳ್ಳಿ ಕೈ ಕಟ್ಟಿ ನಿಂತಳು, ಚುಕ್ಕೆ ಮೇಲೇರಿತು, ನಿಧಾನವಾಯಿತು, ಪಕ್ಕಕ್ಕೆ ಬಂತು, ಈಗ ಇಳಿಯುತ್ತದೆ, ಈಗ — ಇಳಿಯಲಿಲ್ಲ, ಅಲ್ಲೇ, ಬಿಳಿ ಚುಕ್ಕೆ, ನಿಂತಲ್ಲೇ