ಗ್ಲ್ಯಾಡಿಸ್ ಅವರ ಆರು ಸೆಂಟಿಮೀಟರ್ ಕೂದಲು

ಹಾರ್ಮೋನುಗಳನ್ನು ಏರುಪೇರು ಮಾಡುವ ರಾಸಾಯನಿಕಗಳು ಕರಾವಳಿಯ ಹೆಂಗಸರ ಮೈಗೆ ಎಷ್ಟು ಸೇರುತ್ತಿವೆ ಎಂಬುದನ್ನು ಮಣಿಪಾಲದ ಸಂಶೋಧಕಿ ಸ್ವರ್ಣಲತಾ ಕೂದಲಿನಲ್ಲಿ ಅಳೆಯುತ್ತಿದ್ದರು. ಕೂದಲು ತೆಗೆಯಲು ಪಳಗಿದ ಕೈ ಬೇಕಿತ್ತು. ಹಾಗಾಗಿ ಕಾಪು ಪೇಟೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಗ್ಲ್ಯಾಡಿಸ್ ಅವರನ್ನು ಹುಡುಕಿಕೊಂಡು ಬಂದರು.

ಹಿಂದಲೆಯಿಂದ, ಬುಡಕ್ಕೆ ತಾಗಿಸಿ, ಪೆನ್ಸಿಲಿನಷ್ಟು ದಪ್ಪ ಕತ್ತರಿಸಬೇಕು. ಬುಡದ ಕಡೆ ದಾರ ಕಟ್ಟಬೇಕು. ಒಪ್ಪಿದ ಮೂವತ್ತು ಗಿರಾಕಿಗಳ ಕೂದಲನ್ನು ಗ್ಲ್ಯಾಡಿಸ್ ಹಾಗೆಯೇ ತೆಗೆದುಕೊಟ್ಟರು. ಊರಿಗೆಲ್ಲ ಡೈ ಹಚ್ಚುವ ಅವರು ತಮ್ಮ ನರೆಗೆ ಏನೂ ಹಚ್ಚಿಕೊಂಡಿರಲಿಲ್ಲವಾದ್ದರಿಂದ ಅವರ ಕೂದಲೂ ಪರೀಕ್ಷೆಗೆ ಆಗುತ್ತದೆಂದು ಸ್ವರ್ಣಲತಾ ಹೇಳಿದರು. ಪಾರ್ಲರಿನಲ್ಲಿ ಕೆಲಸಕ್ಕಿದ್ದ ಯಶ್ಮಿತಾ ಕತ್ತರಿಸಿಕೊಟ್ಟಳು. ಇನ್ನಂಜೆಯಿಂದ ಬಸ್ಸಿನಲ್ಲಿ ಬರುವ ಆಕೆಗೆ ಮದುವೆಯಾಗಿ ಮೂರು ವರ್ಷ. ಮಗುವಿಗಾಗಿ ಡಾಕ್ಟರರಲ್ಲಿಗೆ ಹೋಗುತ್ತಿರುವುದನ್ನು ಗ್ಲ್ಯಾಡಿಸ್ ಒಬ್ಬರಿಗೇ ಹೇಳಿದ್ದಳು.

ಮೂರು ತಿಂಗಳ ಮೇಲೆ ಸ್ವರ್ಣಲತಾ ಫಲಿತಾಂಶ ತಂದರು. ಎಲ್ಲರಿಗಿಂತ ಹೆಚ್ಚು ಸಿಕ್ಕಿದ್ದು ಗ್ಲ್ಯಾಡಿಸ್ ಅವರ ಕೂದಲಿನಲ್ಲಿ. ಪರಿಮಳ ನಿಲ್ಲಲೆಂದು ಸ್ಪ್ರೇಗಳಿಗೆ ಸೇರಿಸುವ ವಸ್ತುಗಳೇ ಜಾಸ್ತಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಅದನ್ನು ತಿಂಗಳಿಗೊಂದರಂತೆ ಆರು ತುಂಡು ಮಾಡಿ ನೋಡಿದ್ದರು. ಒಂದು ತುಂಡಿನಲ್ಲಿ ಮಾತ್ರ ತೀರಾ ಕಡಿಮೆ ಇತ್ತು. ಆಗ ಏನಾದರೂ ಬದಲಾಗಿತ್ತೇ ಎಂದು ಕೇಳಿದರು.

ಗ್ಲ್ಯಾಡಿಸ್ ಲೆಕ್ಕ ಹಾಕಿದರು. ಮೇ ತಿಂಗಳು. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದು, ಪಾರ್ಲರ್ ಮುಚ್ಚಿ, ಬೆಳ್ಮಣ್ಣಿನ ಅಕ್ಕನ ಮನೆಯಲ್ಲಿದ್ದರು.

"ನನಗೆ ಇದರಿಂದ ಎಂತ ಆಗ್ತದೆ ಮೇಡಂ?"

"ಕಾಯಿಲೆ ಉಂಟು ಅಂತ ಇದು ಹೇಳುವುದಿಲ್ಲ. ಈ ಕೋಣೆಯಿಂದಲೇ ಬರ್ತಾ ಇರಬಹುದು ಅಂತ ಮಾತ್ರ ಹೇಳ್ತದೆ."

ತಮಗೆ ಐವತ್ತನಾಲ್ಕು, ಇನ್ನು ಆಗುವುದೇನು ಎಂದು ಗ್ಲ್ಯಾಡಿಸ್ ಸುಮ್ಮನಾಗುತ್ತಿದ್ದರೇನೋ. ಆದರೆ ಪರದೆಯಾಚೆ ಯಶ್ಮಿತಾ, ಏಸಿಗಾಗಿ ಮುಚ್ಚಿಟ್ಟ ಅದೇ ಕೋಣೆಯಲ್ಲಿ, ಒಬ್ಬರ ತಲೆಗೆ ಸ್ಪ್ರೇ ಹೊಡೆಯುತ್ತಿದ್ದಳು.

ಗಿರಾಕಿ ಹೋದ ಮೇಲೆ ಗ್ಲ್ಯಾಡಿಸ್ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು.

"ನಾನು ಕೆಲಸ ಬಿಡಬೇಕಾ ಅಕ್ಕ?"

"ನೀನು ಯಾಕೆ ಬಿಡುವುದು? ಸ್ಪ್ರೇ ಬಿಡುವ."

ಅವಳ ಕೂದಲನ್ನೂ ಅಂದೇ ಕಳುಹಿಸಿದರು. ಹಿಂಬದಿಯ ಕಿಟಕಿ ತೆರೆಸಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು. ಪರಿಮಳದ ಸೀಸೆಗಳನ್ನು ಕಪಾಟಿನಿಂದ ಇಳಿಸಿದರು. ಸೆಕೆ ಎಂದು ಕೆಲವರು ಗೊಣಗಿದರು. ಮದುಮಗಳೊಬ್ಬಳು ಉಡುಪಿಯ ಪಾರ್ಲರಿಗೆ ಹೋದಳು. ಗ್ಲ್ಯಾಡಿಸ್‌ಗೆ ಬೇಸರವಾಯಿತು, ಆದರೂ ಹಿಂದೆ ಸರಿಯಲಿಲ್ಲ.

ಆರು ತಿಂಗಳ ಬಳಿಕ ಯಶ್ಮಿತಾಳ ಕೂದಲನ್ನು ಮತ್ತೆ ಪರೀಕ್ಷಿಸಿದಾಗ ಆ ರಾಸಾಯನಿಕಗಳು ಮೊದಲಿದ್ದುದರ ಮೂರರಲ್ಲೊಂದು ಪಾಲು ಮಾತ್ರ ಉಳಿದಿದ್ದವು. ಮಗುವಿನ ಬಗ್ಗೆ ಕೂದಲು ಏನೂ ಹೇಳಲಾರದೆಂದು ಸ್ವರ್ಣಲತಾ ಮೊದಲೇ ತಿಳಿಸಿದ್ದರಿಂದ ಅವಳು ಆ ಮಾತನ್ನು ಎತ್ತಲಿಲ್ಲ. ಕಾಗದವನ್ನು ಎರಡು ಸಲ ಓದಿದಳು. ಇಷ್ಟಾದರೂ ನಮ್ಮ ಕೈಯಲ್ಲಿ ಉಂಟಲ್ವಾ ಅಕ್ಕ ಎಂದು ಅದನ್ನು ಬ್ಯಾಗಿನಲ್ಲಿಟ್ಟು, ಐಬ್ರೋ ಮಾಡಿಸಲು ಕಾಯುತ್ತಿದ್ದವರನ್ನು ಒಳಗೆ ಕರೆದಳು.