ಮೊಣಕೈಯ ಮೇಲೊಂದು ಕೈ

"ಸೋಂಕು ಹೋಗಿದೆ ಅಮ್ಮ. ಈಗಿನ ತೊಂದ್ರೆ ಅದಲ್ಲ," ಎಂದರು ಡಾಕ್ಟರು, ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು.

ಮಂಚದ ಮೇಲೆ ತಕ್ಕಡಿ ರಿಪೇರಿಯವನು ಆಕ್ಸಿಜನ್ ಮಾಸ್ಕಿನೊಳಗೆ ಏದುಸಿರು ಬಿಡುತ್ತಿದ್ದ. ನ್ಯುಮೋನಿಯಾ ಹಿಡಿದು ಅಂದಿಗೆ ಎಂಟು ದಿನ. ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ ಕೂತಿದ್ದಳು.

"ಹೋಗಿದ್ರೆ ಜ್ವರ ಯಾಕೆ ಇಳೀತಿಲ್ಲ?"

"ರೋಗಾಣು ಸತ್ರೂ ಇವರ ದೇಹ ಹೊಡೆದಾಡೋದು ನಿಲ್ಲಿಸಿಲ್ಲ. ಆ ಏಟೆಲ್ಲ ಈಗ ಇವರ ಶ್ವಾಸಕೋಶಕ್ಕೇ ಬೀಳ್ತಿದೆ. ಸಾಕು ಅಂತ ತಡೆಯೋ ಕಣಗಳೂ ನಮ್ಮ ರಕ್ತದಲ್ಲೇ ಇರ್ತವೆ. ಇವರಲ್ಲಿ ಅವುಗಳ ಮಾತು ನಡೀತಿಲ್ಲ. ಹೀಗೇ ಬಿಟ್ರೆ ಜೀವಕ್ಕೇ ಕಷ್ಟ. ಅವುಗಳ ಒತ್ತಾಸೆಗೆ ಒಂದು ಇಂಜೆಕ್ಷನ್ ಕೊಡ್ತೀನಿ."

ಅಳು ಬರಬೇಕಾದ ಕಡೆ ಹೆಂಡತಿಗೆ ನಗು ಬಂತು. ಅಯ್ಯೋ, ಈ ಮನುಷ್ಯನ ಒಳಗಿರುವುದೂ ಈ ಮನುಷ್ಯನೇ! ಅಂಗಡಿಯವನು ತಪ್ಪೊಪ್ಪಿಕೊಂಡು, ಕಡಿಮೆ ಬಿದ್ದ ಹತ್ತು ಗ್ರಾಂ ಸಕ್ಕರೆ ಹಾಕಿಕೊಟ್ಟ ಮೇಲೂ ಕಾಲು ಗಂಟೆ ಕೂಗಾಡುವ ಪೈಕಿ. ಮೂವತ್ತೊಂದು ವರ್ಷ ಅವಳು ಹಿಂದೆ ನಿಂತು ಅವನ ಮೊಣಕೈ ಹಿಂಡಿದ್ದಾಳೆ. ಹಿಂಡಿದರೆ ಇನ್ನೆರಡು ಮಾತಾಡಿ ಸುಮ್ಮನಾಗುತ್ತಿದ್ದ. ಹಿಂಡದೆ ಸುಮ್ಮನಾದ ದಿನವೇ ಇಲ್ಲ.

"ಪೂರ್ತಿ ಬಾಯಿ ಮುಚ್ಚಿಸೋ ಔಷಧಿ ಕೊಟ್ಬಿಡಿ ಡಾಕ್ಟ್ರೇ."

"ಪೂರ್ತಿ ಮುಚ್ಚಿಸಿದ್ರೆ ನಾಳೆ ಇನ್ನೊಂದು ಸೋಂಕು ಬಂದಾಗ ಕೇಳೋರೇ ಇರಲ್ಲ. ಅಳೆದೇ ಕೊಡ್ಬೇಕು. ಎರಡು ದಿನ ನೋಡೋಣ."

ಸಿಸ್ಟರ್ ಸೂಜಿ ಚುಚ್ಚಿ ಹೋದಳು. ಹೆಂಡತಿ ಹೊದಿಕೆಯೊಳಗೆ ಕೈ ಹಾಕಿ ಮೊಣಕೈ ಹುಡುಕಿದಳು. ಸುಡುತ್ತಿತ್ತು. ನಗು ಆಗಲೇ ಎಲ್ಲಿಗೋ ಹೋಗಿತ್ತು. ಮೊಣಕೈಯನ್ನು ಮೆಲ್ಲಗೆ ಹಿಂಡಿದಳು.

"ಸಾಕು ರೀ," ಎಂದಳು ಕಿವಿಯ ಹತ್ತಿರ ಬಗ್ಗಿ. ಅಂಗಡಿಗಳಲ್ಲಿ ಹೇಳುತ್ತಿದ್ದದ್ದೂ ಅದನ್ನೇ. "ಗೆದ್ದಾಯ್ತಲ್ಲ. ಬನ್ನಿ, ಮನೆಗೆ ಹೋಗೋಣ."

ಊಟಕ್ಕೆ ಎದ್ದದ್ದು ಬಿಟ್ಟರೆ ಎರಡು ದಿನವೂ ಅವಳು ಆ ಮೊಣಕೈ ಬಿಡಲಿಲ್ಲ.

ಮೂರನೆಯ ಬೆಳಿಗ್ಗೆ ಜ್ವರ ಇಳಿದಿತ್ತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಮಾಸ್ಕ್ ತೆಗೆಸಿದರು. ಸಿಸ್ಟರ್ ಚಹಾ ತಂದಳು. ಅವನು ಲೋಟವನ್ನೇ ದಿಟ್ಟಿಸಿದ.

"ಇದೇನು ಸಿಸ್ಟರ್, ಮುಕ್ಕಾಲು ಲೋಟ? ಪಕ್ಕದೋರಿಗೆ ತುಂಬ ಕೊಟ್ಟಿದ್ದೀರಿ?" ದನಿ ನೂಲಿನೆಳೆಯಷ್ಟಿತ್ತು.

"ಕುಡೀರಿ ಅಂಕಲ್, ಇನ್ನೊಂದು ಸಲ ತರ್ತೀನಿ."

"ತರೋದು ಬೇರೆ ಮಾತು. ನಾನು ಕೇಳ್ತಿರೋದು ಅಳತೆ!"

ಅಭ್ಯಾಸಬಲಕ್ಕೆ ಹೆಂಡತಿಯ ಕೈ ಮೊಣಕೈಗೆ ಹೋಯಿತು. ಮೊಣಕೈ ತಣ್ಣಗಿತ್ತು. ಅವಳು ಹಿಂಡಲಿಲ್ಲ. ಕೈಯನ್ನು ಅಲ್ಲೇ ಇಟ್ಟುಕೊಂಡು, ಅವನು ಲೋಟದ ಮೇಲೆ ಬೆರಳಿಟ್ಟು ಎಷ್ಟು ಕಡಿಮೆಯಿದೆಯೆಂದು ತೋರಿಸಿ ಹೇಳುವುದನ್ನು ಕೊನೆಯವರೆಗೂ ಕೇಳಿದಳು.