ಹಣಮಪ್ಪನ ಹಿಂದಿನ ತಾರೀಖು

ನಾನು ಒಂದು ಕಂಪ್ಯೂಟರ್. ಹಳೆಯದು ಎಂದು ನೀವು ಮೂಗು ಮುರಿಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಇಕ್ಕಟ್ಟಾದ ಅಂಗಡಿಯ ಅಟ್ಟದ ಮೇಲೆ ಒಬ್ಬ ತರುಣ ಹಾಡು ಗುನುಗುತ್ತ ನನ್ನನ್ನು ಜೋಡಿಸಿದ. ಕೊನೆಗೆ ಅಂಗಿಯ ಗುಂಡಿಯಂಥ ಒಂದು ಬ್ಯಾಟರಿಯನ್ನು ನನ್ನ ಹೊಟ್ಟೆಯೊಳಗೆ ಕೂರಿಸಿದ. ಕರೆಂಟ್ ಇಲ್ಲದಾಗಲೂ ತಾರೀಖು, ಗಂಟೆ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ನನ್ನ ನೆನಪಿನ ಮೊದಲ ದಿನ 2002ರ ಜನವರಿ ಒಂದು.

ಮೊದಲು ಹಾವೇರಿಯ ಒಂದು ಸಹಕಾರಿ ಬ್ಯಾಂಕಿಗೆ ಹೋದೆ. ಅಲ್ಲಿ ನನಗೆ ಬಹಳ ಮರ್ಯಾದೆಯಿತ್ತು. ತಾರೀಖು, ವಾರ ಎಲ್ಲವೂ ದೂರಕ್ಕೆ ಕಾಣಲೆಂದು ಮ್ಯಾನೇಜರು ನನ್ನ ಪರದೆಯ ಕೆಳಗಿನ ಪಟ್ಟಿಯನ್ನು ಅಗಲ ಮಾಡಿಸಿದ್ದರು. ಗೋಡೆಯ ಗಡಿಯಾರ ನಿಂತರೆ ನನ್ನನ್ನು ನೋಡಿ ಸರಿಮಾಡುತ್ತಿದ್ದರು. ಹೊಸ ಯಂತ್ರಗಳು ಬಂದ ಮೇಲೆ ನನಗೊಂದು ಹಾರ ಹಾಕಿ, ಫೋಟೊ ಹೊಡೆಸಿಕೊಂಡು, ಹೊಸಕಟ್ಟಿ ಎಂಬ ಹಳ್ಳಿಯ ಹೈಸ್ಕೂಲಿಗೆ ದಾನ ಕೊಟ್ಟರು.

ಅಲ್ಲಿ ನಾನು ಬಿದ್ದದ್ದು ಆಟ ಕಲಿಸುವ ನೀಲಾಂಬಿಕಾ ಟೀಚರ ಕೈಗೆ. ಮೈದಾನದಲ್ಲಿ ಅವರ ಸೀಟಿಗೆ ಹೆಣ್ಣುಮಕ್ಕಳು ಗಾಳಿಯಂತೆ ಓಡುತ್ತಿದ್ದರು. ಒಳಗೆ ಬಂದು ನನ್ನ ಮುಂದೆ ಕೂತರೆ ಟೀಚರಿಗೇ ಬೆವರು. ಆಯುಧಪೂಜೆಯ ದಿನ ಪ್ರೀತಿಯಿಂದಲೇ ನನಗೆ ಕುಂಕುಮ ಹಚ್ಚಿ, ಗದೆ ಹಿಡಿದ ಹಣಮಪ್ಪನ ಚೀಟಿಯೊಂದನ್ನು ಪರದೆಯ ಬಲಗಡೆ ಕೆಳಮೂಲೆಗೆ ಅಂಟಿಸಿದರು. ಕೆಲಸಕ್ಕೆ ಅಡ್ಡಿಯಾಗದ ಜಾಗವೆಂದು ಅವರ ಎಣಿಕೆ. ಹಣಮಪ್ಪ ಸರಿಯಾಗಿ ನನ್ನ ತಾರೀಖಿನ ಮೇಲೆ ಕೂತ.

ಮುಂದಿನ ಬೇಸಿಗೆ ರಜೆಯಲ್ಲಿ ನನ್ನ ಬ್ಯಾಟರಿ ಸತ್ತಿತು. ಸಂಜೆ ಶಾಲೆಯವರು ಮೇನ್ ಸ್ವಿಚ್ ಆರಿಸಿದರೆ ಸಾಕು, ಬೆಳಿಗ್ಗೆ ನಾನು 2002ರ ಜನವರಿ ಒಂದಕ್ಕೇ ಕಣ್ಣು ಬಿಡುತ್ತಿದ್ದೆ. ಹೇಳಲಿಲ್ಲವೇ ನಾನು? ದಿನಾ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ, ತಾರೀಖು ತಪ್ಪಿದೆ, ಸರಿಪಡಿಸಿ ಎಂದು ಇಂಗ್ಲಿಷಿನಲ್ಲಿ ಬಾಯಿ ಬಡಿದುಕೊಂಡೆ. ಯಾವ ಗುಂಡಿ ಒತ್ತಿದರೆ ನಾನು ಸುಮ್ಮನಾಗುತ್ತೇನೆ ಎಂಬುದನ್ನಷ್ಟೇ ಎಲ್ಲರೂ ಕಲಿತರು.

ಆ ವರ್ಷ ಹೊಸಕಟ್ಟಿಯ ಹುಡುಗಿಯರು ಖೋಖೋದಲ್ಲಿ ಜಿಲ್ಲೆಗೇ ಮೊದಲು ಬಂದರು. ನಾಯಕಿ ಫಕ್ಕೀರವ್ವ ಹತ್ತನೇ ಇಯತ್ತೆ. ಮನೆಯವರು ಮುಂದೆ ಓದಿಸುವುದಿಲ್ಲವೆಂದು ಆಗಲೇ ಹೇಳಿದ್ದರು. ರಾಜ್ಯಮಟ್ಟದ ಆಟ ಅವಳಿಗೆ ಆಗ ಇಲ್ಲವೆಂದರೆ ಇನ್ನೆಂದೂ ಇಲ್ಲ. ತಂಡದ ಹೆಸರುಗಳನ್ನು ಗುರುವಾರ ಸಂಜೆ ಐದರೊಳಗೆ ಇಂಟರ್‌ನೆಟ್‌ನಲ್ಲೇ ತುಂಬಬೇಕಿತ್ತು. ಮುಟ್ಟುವ ಫೋನುಗಳು ಆ ಊರಿಗೆ ಇನ್ನೂ ಬಂದಿರಲಿಲ್ಲ. ಇದ್ದದ್ದು ನಾನೊಬ್ಬನೇ.

ಗುರುವಾರ ಬೆಳಿಗ್ಗೆ ಟೀಚರು ಆ ಪುಟ ಒತ್ತಿದರು. ತೆರೆಯಲಿಲ್ಲ. ಇಂಥ ಪುಟಗಳಿಗೆ ಬಾಗಿಲಲ್ಲೇ ಕಾವಲು ಇರುತ್ತದೆ. ಒಳಗೆ ಬಿಡುವ ಮೊದಲು ತಾರೀಖು ನೋಡುತ್ತಾರೆ. ನನ್ನ ತಾರೀಖು ಹತ್ತು ವರ್ಷ ಹಿಂದಿನದು! ಯಾರು ಬಿಡುತ್ತಾರೆ? ಟೀಚರು ವೈರು ಕಿತ್ತು ಮತ್ತೆ ಚುಚ್ಚಿದರು, ಊದಿದರು, ಸೆರಗಿನಿಂದ ಒರೆಸಿದರು. ಮೋಡೆಮ್ ಆರಿಸಿ ಹಚ್ಚಿದರು. ನನ್ನ ತಲೆಯ ಮೇಲೆ ಎರಡು ಪೆಟ್ಟು ಕೊಟ್ಟರು. ವೈರಿನಲ್ಲೇನಿದೆ ತಾಯಿ, ಆ ಚೀಟಿ ಸರಿಸಿ ನೋಡು ಎಂದು ಒಳಗೇ ಕುದಿದೆ. ನನ್ನ ಫ್ಯಾನು ಗರಗರ ಎಂದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ.

ಟೆಲಿಫೋನ್ ಲೈನ್‌ಮನ್ ಇಮಾಮಸಾಬ ಬಂದು ಹಸಿರು ದೀಪಗಳನ್ನು ನೋಡಿದ. "ಲೈನ್ ಛಲೋ ಐತ್ರಿ ಬಾಯಾರ. ನಮ್ಮ ಕಡೀಂದ ಏನೂ ತ್ರಾಸಿಲ್ಲ."

ಹೆಡ್‌ಮಾಸ್ತರು ಬಂದು ಒಂದು ದಿನಪತ್ರಿಕೆಯ ಪುಟ ಒತ್ತಿದರು. ಅದಕ್ಕೆ ಕಾವಲಿಲ್ಲ, ತಟ್ಟನೆ ತೆರೆಯಿತು. "ನೋಡ್ರಿ, ಪೇಪರ್ ಬಂತು. ನೆಟ್ ಐತಿ. ಅವರ ಸೈಟಿಗೇ ಏನೋ ಆಗೇತಿ, ತಡೀರಿ, ಬರ್ತೈತಿ" ಎಂದರು. ಹಾವೇರಿಯ ಇಂಟರ್‌ನೆಟ್ ಅಂಗಡಿಯಲ್ಲಾದರೂ ತುಂಬೋಣವೆಂದು ಕಾಗದಗಳ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಿದ್ದ ಟೀಚರು ಮತ್ತೆ ಕೂತರು. ಮಧ್ಯಾಹ್ನದ ಬಸ್ಸು ಹೋಯಿತು. ಇನ್ನೊಂದು ಇದ್ದದ್ದು ಸಂಜೆಗೆ. ಆ ಪತ್ರಿಕೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಟೀಚರು ಜಿಲ್ಲಾ ಕಚೇರಿಗೆ ಫೋನು ಮಾಡಿ ಬೇಡಿಕೊಂಡರು. ಆನ್‌ಲೈನ್‌ನಲ್ಲೇ ಹಾಕಬೇಕು ಎಂದು ಕಚೇರಿಯವರು ಫೋನಿಟ್ಟರು.

ಐದು ಹೊಡೆಯಿತು. ಬಾಗಿಲಲ್ಲಿ ಹುಡುಗಿಯರು ನಿಂತಿದ್ದರು. ಟೀಚರು ತಲೆ ಎತ್ತಲಿಲ್ಲ.

ಮರುದಿನವೇ ನನ್ನನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಯಿತು. ಹುಡುಗಿಯರ ಫೋಟೊಗಳನ್ನು ತೆಗೆದುಕೊಳ್ಳಲು ಟೀಚರು ಕೊನೆಯ ಸಲ ನನ್ನನ್ನು ಹಚ್ಚಿದರು. ತನ್ನ ಜನ್ಮದಾಖಲೆ ವಾಪಸು ಒಯ್ಯಲು ಫಕ್ಕೀರವ್ವ ಬಂದು ಪಕ್ಕದಲ್ಲಿ ನಿಂತಿದ್ದಳು. ಕೆಲಸ ಮುಗಿದ ಮೇಲೆ ಟೀಚರ ಕಣ್ಣು ಚೀಟಿಯ ಮೇಲೆ ಬಿತ್ತು. ದೇವರನ್ನು ಗುಜರಿಗೆ ಕಳಿಸುವುದುಂಟೇ?

"ನಡೀಯಪ್ಪ ಹಣಮಪ್ಪ, ಇದರ ಜೋಡಿ ನೀ ಯಾಕ ಹೋಗ್ತಿ" ಎನ್ನುತ್ತ ಉಗುರಿನಿಂದ ಮೆಲ್ಲಗೆ ಎಬ್ಬಿಸಿದರು. ಚೀಟಿ ಬಂತು. ಅವರ ಕೈ ಅಲ್ಲೇ ನಿಂತಿತು. ತಾರೀಖನ್ನು ಓದಿದರು, ಇನ್ನೊಮ್ಮೆ ಓದಿದರು. ಸರಿಮಾಡಿ ಆ ಪುಟ ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು. ನೋಂದಣಿ ಮುಗಿದಿದೆ ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

ಟೀಚರು ಬಾಯಿಗೆ ಸೆರಗು ಒತ್ತಿಕೊಂಡರು. ಫಕ್ಕೀರವ್ವ ಅಳಲಿಲ್ಲ. "ಇದರ ಲೆಕ್ಕದಾಗ ನಾ ಇನ್ನ ಅಂಗನವಾಡ್ಯಾಗ ಅದೀನಿ ನೋಡ್ರಿ ಟೀಚರ್ರ" ಎಂದು ಕಾಗದ ಮಡಚಿಕೊಂಡು ಹೋದಳು.

ನನ್ನನ್ನು ಗುಜರಿಗೆ ಹಾಕಲಿಲ್ಲ. ಈಗ ಆಟದ ಸಾಮಾನಿನ ಕೋಣೆಯಲ್ಲಿ ಹರಿದ ವಾಲಿಬಾಲ್ ಬಲೆಯ ಪಕ್ಕ ಇದ್ದೇನೆ. ಮೂಲೆಯಲ್ಲಿ ಚೀಟಿಯ ಅಂಟು ಇನ್ನೂ ಉಳಿದಿದೆ. ಹೊಸ ಬ್ಯಾಟರಿ ತರಿಸೋಣ ತರಿಸೋಣ ಎನ್ನುತ್ತಲೇ ಹೆಡ್‌ಮಾಸ್ತರು ನಿವೃತ್ತರಾದರು. ಟೀಚರು ಬೆಳಿಗ್ಗೆ ಬಂದವರು ಬೇರೆ ಯಾವ ಕೆಲಸಕ್ಕೂ ಮೊದಲು ನನ್ನ ತಾರೀಖು ಸರಿಮಾಡುತ್ತಾರೆ. ಮರುವರ್ಷದ ತಂಡದ ಹೆಸರು ಒಂದೇ ಉಸಿರಿಗೆ ತುಂಬಿಯಾಯಿತು.

ಕೆಲವು ಸಂಜೆ ಹೊಲದಿಂದ ಬರುವ ಫಕ್ಕೀರವ್ವ ಬೇಲಿಯ ಹತ್ತಿರ ಬುತ್ತಿಗಂಟು ಇಳಿಸಿ, "ಏ, ನೆಲಾ ನೋಡಬ್ಯಾಡ, ಬೆನ್ನಟ್ಟಾಕಿ ಕಾಲು ನೋಡು!" ಎಂದು ಖೋಖೋ ಆಡುವ ಸಣ್ಣವರಿಗೆ ಕೂಗುವುದು ಕಿಟಕಿಯಿಂದ ಕೇಳಿಸುತ್ತದೆ. ಆಮೇಲೆ ಯಾರೋ ಮೇನ್ ಸ್ವಿಚ್ ಆರಿಸುತ್ತಾರೆ. ನಾನು ಮತ್ತೆ ಹಿಂದಕ್ಕೆ ಹೋಗುತ್ತೇನೆ, ಆ ಗುರುವಾರವನ್ನು ದಾಟಿ, ಯಾರಿಗೂ ಬೇಡದ ಜನವರಿ ಒಂದಕ್ಕೆ. ಅಷ್ಟು ದೂರ ಹೋಗುವವನಿಗೆ ಆ ಗುರುವಾರ ಮಧ್ಯಾಹ್ನ ಬಸ್ಸು ಹೊರಡುವ ಮುಂಚೆ ಒಂದು ಗಳಿಗೆ ನಿಲ್ಲಲು ಆಗುವುದಿಲ್ಲ.